ಕಿವಿಯಲ್ಲಿ ಕುಳಿತ ಸಾಥಿದಾರ

ನನಗೊಂದು ಜಂಬವಿದೆ. ಅದಕ್ಕೆ ವಿನಯದ ಶಾಲು ಹೊದಿಸಿ ಹೇಳುವ ಕಲೆ ನನಗೆ ಬರುವುದಿಲ್ಲ, ಹೀಗಾಗಿ ನೇರವಾಗಿಯೇ ಹೇಳಿಬಿಡುತ್ತೇನೆ. ಬಸವಕಲ್ಯಾಣದಿಂದ ಹುಮನಾಬಾದಿನವರೆಗೆ ಹುಡುಕಿದರೂ ನನ್ನಷ್ಟು ಚೆನ್ನಾಗಿ ಹಿಂದೆ ಉಳಿಯಬಲ್ಲ ಮನುಷ್ಯ ನಿಮಗೆ ಸಿಗಲಾರ. ಹೊಟ್ಟೆಪಾಡಿಗೆ ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಮನಸ್ಸಿನ ಪಾಡಿಗೆ ಹಾರ್ಮೋನಿಯಂ, ನಮ್ಮ ಕಡೆಯ ಮಾತಿನಲ್ಲಿ ಪೇಟಿ, ಬಾರಿಸುತ್ತೇನೆ. ಹಾಡುವವರಿಗೆ ಸಾಥ್ ಕೊಡುವವನ ಧರ್ಮ ಒಂದೇ. ಅವರ ಸ್ವರ ಹೊರಟ ಮೇಲೆ ಕೂದಲೆಳೆಯಷ್ಟು ತಡೆದು ನಮ್ಮ ಸ್ವರ ಹೊರಡಬೇಕು. ಮುಂದೆ ಹೋದರೆ ಅಧಿಕಪ್ರಸಂಗ, ತೀರಾ ಹಿಂದೆ ಬಿದ್ದರೆ ತೂಕಡಿಕೆ. ಈ ಕೂದಲೆಳೆಯ ಅಂತರವನ್ನು ನಾನು ಮೂವತ್ತು ವರ್ಷ ಕಾಪಾಡಿಕೊಂಡು ಬಂದಿದ್ದೇನೆ. ನನಗೆ ಹಾರ ಹಾಕಿದವರಿಲ್ಲ ಎಂಬುದು ನಿಜ, ಆದರೆ ಲಯ ತಪ್ಪಿತೆಂದು ಬೆರಳು ತೋರಿಸಿದವರೂ ಇರಲಿಲ್ಲ.

ಈ ಮೂವತ್ತು ವರ್ಷದಲ್ಲಿ ಇಪ್ಪತ್ತೆಂಟನ್ನು ನಾನು ಕಳೆದದ್ದು ಒಬ್ಬರ ಬಲಗಡೆಯಲ್ಲಿ. ಅವರು ನಮ್ಮಕ್ಕ ಸುಮಿತ್ರಾ. ಹುಮನಾಬಾದಿಗೆ ಮದುವೆಯಾಗಿ ಹೋದವಳು ಅಲ್ಲಿ ಹೆಂಗಸರ ಭಜನಾ ಮಂಡಳಿ ಕಟ್ಟಿ, ವಚನ ಹಾಡಿ ಹೆಸರು ಮಾಡಿದ್ದಾಳೆ. ಈ ವರ್ಷ ಅವಳ ಮೊಣಕಾಲು ಮುಷ್ಕರ ಹೂಡಿತು. ನೆಲದ ಮೇಲೆ ಕೂತು ಹಾಡುವುದು ನಿಂತಿತು. ಆಗ ಮಂಡಳಿಯವರು, ಅಕ್ಕನ ಹಾಡನ್ನಾದರೂ ಚೆನ್ನಾಗಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳೋಣ ಎಂದು ನಿಶ್ಚಯಿಸಿದರು. ಅಕ್ಕನ ನೆರೆಮನೆಯ ಇಸ್ಮಾಯಿಲ್ ಭಾಯಿ ಮೊದಲು ತಬಲಾ ನುಡಿಸಿ ಮೊಬೈಲಿಗೆ ಕಳಿಸುವುದು, ಅದನ್ನು ಕೇಳುತ್ತ ನಾನು ಬಸವಕಲ್ಯಾಣದ ನಮ್ಮ ಮನೆಯಲ್ಲೇ ಕಂಪ್ಯೂಟರಿನಲ್ಲಿ ಪೇಟಿ ಸೇರಿಸುವುದು, ಕೊನೆಗೆ ಅಕ್ಕ ಕುರ್ಚಿಯ ಮೇಲೆ ಕೂತು ಹಾಡುವುದು ಎಂದು ನಿಗದಿಯಾಯಿತು.

ಕಂಪ್ಯೂಟರ್ ನಮ್ಮ ಮನೆಯಲ್ಲಿತ್ತು. ಲಾಕ್‌ಡೌನಿನಲ್ಲಿ ನನ್ನ ಹೆಂಡತಿ ಶಿವಲೀಲಾ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳಲು ಕೊಂಡದ್ದು. ಎರಡೂ ಕಿವಿಗಳನ್ನು ಮುಚ್ಚುವ ಹೆಡ್‌ಫೋನ್, ಒಂದು ಮೈಕು ತಂದೆ. ಸ್ಟುಡಿಯೋ ಎಲ್ಲಿ ಮಾಡುವುದು? ಮನೆಯಲ್ಲಿ ಬೀದಿಗೆ ಕಿಟಕಿ ಇಲ್ಲದ್ದು ಕಾಳುಕಡಿ ಇಡುವ ಕೋಣೆಯೊಂದೇ. ಹುಲಸೂರ ಬಸ್ಸಿನ ಹಾರ್ನ್ ಕೇಳದಿರಲೆಂದು ಬಾಗಿಲಿಗೆ ಹಳೆ ಸೀರೆ ಪದರಪದರವಾಗಿ ಹೊಲಿದ ಎರಡು ಕೌದಿ ತೂಗುಹಾಕಿದೆ. ಫ್ಯಾನಿನ ಸದ್ದು ಬರುತ್ತದೆಂದು ಅದನ್ನೂ ಆರಿಸಿದೆ. ಬೇಸಿಗೆಯಲ್ಲಿ ನಮ್ಮೂರಿನ ಕಲ್ಲಿನ ಮನೆಯೊಳಗೆ ಫ್ಯಾನಿಲ್ಲದೆ ಕೌದಿ ಕಟ್ಟಿಕೊಂಡು ಕೂತವನ ಸಂಗೀತಪ್ರೇಮವನ್ನು ಯಾರೂ ಶಂಕಿಸಬಾರದು.

ಹೆಡ್‌ಫೋನ್ ಹಾಕಿಕೊಂಡು ಮೊದಲ ಸ್ವರ ಒತ್ತಿದಾಗ ಆದ ಅನುಭವವನ್ನು ಹೇಗೆ ಹೇಳಲಿ? ತಬಲಾ ಸರಿಯಾಗಿ ಕೇಳುತ್ತಿತ್ತು. ಅದರ ಜೊತೆಗೆ, ನನ್ನ ಬೆರಳು ಪೇಟಿಯ ಕೀ ಮೇಲೆ ಬಿದ್ದು ಕೂದಲೆಳೆಯಷ್ಟು ಹೊತ್ತಾದ ಮೇಲೆ, ಅದೇ ಸ್ವರವನ್ನು ಯಾರೋ ಮೃದುವಾಗಿ, ಮರ್ಯಾದೆಯಿಂದ, ಹಿಂದೆಯೇ ನುಡಿಸುತ್ತಿದ್ದರು. ನಾನು ಮೀಂಡ್ ತೆಗೆಯುವ ಹಾಗೆ ಬೆರಳು ಜಾರಿಸಿದರೆ ಅವರೂ ಜಾರಿಸಿದರು. ನಾನು ತಡೆದರೆ ತಡೆದರು. ಕಂಪ್ಯೂಟರಿನಲ್ಲಿ ಈಗ ಏನೇನೋ ಬಂದಿದೆ ಎಂದು ಕೇಳಿದ್ದೆ, ಸಾಥ್ ಕೊಡುವ ವ್ಯವಸ್ಥೆಯೂ ಬಂದಿದೆ ಎಂದುಕೊಂಡೆ. ಮೂವತ್ತು ವರ್ಷ ಇನ್ನೊಬ್ಬರ ಹಿಂದೆ ನಡೆದವನ ಹಿಂದೆ ಮೊದಲ ಸಲ ಒಬ್ಬರು ನಡೆದಿದ್ದರು. ನನ್ನ ಎದೆ ಉಬ್ಬಿತು.

ಹೊರಗೆ ಬಂದವನೇ ಶಿವಲೀಲಾಗೆ ಹೇಳಿದೆ, "ಈ ಕಂಪ್ಯೂಟರಿಗೆ ಎಷ್ಟು ಸಂಸ್ಕಾರ ಅದ ನೋಡು. ನಾ ಬಾರ್ಸಿದ ಮ್ಯಾಲೇ ಬಾರಸ್ತದ. ಒಂದು ಸಲನೂ ಮುಂದ ಹೋಗಲಿಲ್ಲ."

"ಹೌದ್ರಿ? ನನ್ನ ಪಾಠಕ್ಕ ಮಾತ್ರ ನಡುನಡುವ ನಿಂತೇ ಬಿಡ್ತಿತ್ತು," ಎಂದು ಅವಳು ರೊಟ್ಟಿ ತಟ್ಟುವುದನ್ನು ಮುಂದುವರಿಸಿದಳು.

ಸಾಥಿದಾರನಿಗೆ ಮುಂದಿನವನು ತೋರಿಸಬೇಕಾದ ಸೌಜನ್ಯವೂ ಒಂದಿದೆ. ಅವನು ಸ್ವರ ಮುಗಿಸುವವರೆಗೆ ಕಾಯಬೇಕು, ಬಿಟ್ಟು ಓಡಬಾರದು. ಕಷ್ಟ ಕಂಡವನು ನಾನು, ನನಗೆ ಗೊತ್ತಿಲ್ಲವೇ? ಹಾಗಾಗಿ ಪ್ರತಿ ಸಾಲಿನ ಕೊನೆಗೂ ಕಿವಿಯಲ್ಲಿದ್ದ ಆ ಪುಣ್ಯಾತ್ಮ ಬಂದು ಸೇರಲಿ ಎಂದು ಒಂದಿಷ್ಟು ತಡೆದು, ಅವನಿಗೆ ಜಾಗ ಕೊಟ್ಟು, ಮುಂದಕ್ಕೆ ಹೋದೆ. ಅತ್ಯಂತ ತೃಪ್ತಿಯಿಂದ ಹುಮನಾಬಾದಿಗೆ ಕಳಿಸಿದೆ.

ಸಂಜೆ ಇಸ್ಮಾಯಿಲ್ ಭಾಯಿಯ ಫೋನು ಬಂತು. ಅವರು ಮರ್ಯಾದೆಯ ಮನುಷ್ಯ, ಸುತ್ತಿ ಬಳಸಿ ಹೇಳುತ್ತಾರೆ. "ಮಾಸ್ತರ್ರ, ಪೇಟಿ ಆವಾಜ್ ಭಾಳ ಖಾಸಾ ಬಂದದ್ರಿ. ಖರೇ ಅಂದ್ರ ಒಂದೇ ಮುಷ್ಕಿಲ್. ನಾನು ಹುಮನಾಬಾದಿನಾಗ ಇಳಿದು ಚಾ ಕುಡ್ದು ಮುಗಿಸೀನಿ, ನೀವಿನ್ನೂ ಕಲ್ಯಾಣದ ಸ್ಟ್ಯಾಂಡಿನಾಗೇ ನಿಂತೀರಿ."

ನನ್ನ ಮುಖಕ್ಕೆ ಯಾರೋ ತಣ್ಣೀರೆರಚಿದಂತಾಯಿತು. ಎರಡನೆಯ ಸಲ ಬಾರಿಸಿ ಕಳಿಸಿದೆ. ಅದು ಇನ್ನೂ ಹಿಂದೆ ಬಿದ್ದಿತ್ತಂತೆ. ಮೂರನೆಯದಕ್ಕೆ ಅಕ್ಕನೇ ಫೋನು ಮಾಡಿದಳು. ಹೆಡ್‌ಫೋನಿನ ದೋಷ ಇರಬಹುದು ಎಂದೆ.

"ಕುಣೀಲಾರದಾಕಿ ನೆಲ ಡೊಂಕು ಅಂದಿದ್ಲಂತ," ಎಂದಳು. ಆಮೇಲೆ ದನಿ ತಗ್ಗಿಸಿ, "ತಮ್ಮಾ, ನಿನಗೂ ವಯಸ್ಸಾತು. ಬ್ಯಾಸರ ಮಾಡ್ಕೋಬ್ಯಾಡ. ಐತವಾರದ ತನಕ ನೋಡ್ತೀನಿ, ಆಗಲಿಲ್ಲಂದ್ರ ಹುಲಸೂರಿನ ಕೀಬೋರ್ಡಿನಾಂವಗ ಹೇಳ್ತೀನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕನಿಕರ ತೋರಿಸಿದ್ದು ನೇರ ಎದೆಗೆ ನಾಟಿತು. ಅಕ್ಕನ ಹಾಡು ಎಲ್ಲರ ಮನೆಯಲ್ಲೂ ಉಳಿಯುತ್ತದೆ, ಅದರ ಪಕ್ಕದಲ್ಲಿ ನಾನಿರುವುದಿಲ್ಲ. ಇಪ್ಪತ್ತೆಂಟು ವರ್ಷ ನಾನು ಕೂತ ಜಾಗದಲ್ಲಿ ಒಂದು ಬಟನ್ನು ಒತ್ತಿದರೆ ಪೇಟಿಯಾಗಿ, ಇನ್ನೊಂದು ಒತ್ತಿದರೆ ಪಿಟೀಲಾಗುವ ಪೆಟ್ಟಿಗೆ ಕೂತಿರುತ್ತದೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದು ಮತ್ತೆ ಕೌದಿಯ ಹಿಂದೆ ಕೂತೆ. ಶಿವಲೀಲಾ ಬೇಳೆ ತೆಗೆದುಕೊಳ್ಳಲು ಒಳಗೆ ಬಂದವಳು ನನ್ನ ಮುಖ ನೋಡಿ ಅಲ್ಲೇ ನಿಂತಳು. ಹೆಡ್‌ಫೋನನ್ನು ನನ್ನ ತಲೆಯಿಂದ ತೆಗೆದು ತನ್ನ ಕಿವಿಗೆ ಹಾಕಿಕೊಂಡು, "ಬಾರಸ್ರಿ," ಎಂದಳು. ನಾನು ಬಾರಿಸಿದೆ. ಅವಳು ನನ್ನ ಬೆರಳುಗಳನ್ನೇ ನೋಡುತ್ತ ಕೇಳಿದಳು.

"ನಿಮ್ಮ ಹಿಂದ ಯಾರೋ ಬಾರಸಾಕತ್ತಾರ ಅಂದಿದ್ರಲ್ಲ, ಅವ ಯಾರು ಗೊತ್ತೇನ್ರಿ?"

"ಕಂಪ್ಯೂಟರು."

"ನೀವೇ ರೀ. ನಿಮ್ಮ ಪೇಟಿನೇ ಮೈಕಿನಾಗ ಹೋಗಿ, ಕಂಪ್ಯೂಟರ್ ಸುತ್ತಿ ಬರೋತನಕ ತಡ ಆಗ್ತದ. ನಾ ಪಾಠ ಹೇಳ್ಬೇಕಾದ್ರ ನನ್ನ ದನಿ ನನಗೇ ಹಿಂಗ ಬರ್ತಿತ್ತು. ನಿಮ್ಮನ್ನ ನೀವೇ ಕಾಯ್ಕೋತ ಕುಂತೀರಿ."

ಮೂವತ್ತು ವರ್ಷದ ಅನುಭವಸ್ಥನೊಬ್ಬ ತನ್ನನ್ನೇ ಸಾಥಿದಾರನೆಂದು ತಿಳಿದು, ತನಗೆ ತಾನೇ ಮರ್ಯಾದೆ ಕೊಟ್ಟು, ದಾರಿಯಲ್ಲಿ ಕಾದು ನಿಂತ ಕಥೆ ಇದು. ಒಂದು ಕ್ಷಣ ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮರುಕ್ಷಣವೇ ಹಾಯೆನಿಸಿತು, ಏಕೆಂದರೆ ಲಯ ತಪ್ಪಿದ್ದು ನನ್ನದಲ್ಲ. ನಾನು ಕಾದದ್ದು ಕೂಡ ಎಂಥ ಅಚ್ಚುಕಟ್ಟಾಗಿ ಕಾದಿದ್ದೆ ನೋಡಿ.

ಉಪಾಯವನ್ನೂ ಅವಳೇ ಮಾಡಿದಳು. ಕಂಪ್ಯೂಟರಿನಲ್ಲಿ ಏನನ್ನೋ ಒತ್ತಿ, ನನ್ನ ಪೇಟಿ ರೆಕಾರ್ಡ್ ಆಗುವಂತೆ ಬಿಟ್ಟು, ಅದು ಹೆಡ್‌ಫೋನಿಗೆ ಬರುವುದನ್ನು ಮಾತ್ರ ಬಂದ್ ಮಾಡಿದಳು. ಎಡಗಿವಿಯ ಬಟ್ಟಲನ್ನು ಕೆನ್ನೆಗೆ ಸರಿಸಿದಳು. ಬಲಗಿವಿಯಲ್ಲಿ ಇಸ್ಮಾಯಿಲ್ ಭಾಯಿ, ತೆರೆದ ಎಡಗಿವಿಯಲ್ಲಿ ನನ್ನ ಮಡಿಲ ಮುಂದಿನ ಪೇಟಿ. ಸದ್ದಾಗದಂತೆ ಅಲ್ಲೇ ಮೂಲೆಯಲ್ಲಿ ಕೂತಳು. ನಾನು ಕಣ್ಣು ಮುಚ್ಚಿ ಬಾರಿಸಿದೆ. ಒಂದೇ ಏಟಿಗೆ ಮುಗಿಯಿತು.

ಕಳಿಸಿದ ಮೇಲೆ ಕೇಳಿ ನೋಡಿದೆ. ಲಯ ಸರಿಯಾಗಿತ್ತು. ಆದರೆ ಮೂರನೆಯ ಚರಣಕ್ಕೆ ಮುಂಚೆ ನಾನು ತಾಳದ ಒಂದು ಇಡೀ ಆವರ್ತ ಬರೀ ಷಡ್ಜ ಹಿಡಿದು ಸುಮ್ಮನೆ ಕೂತಿದ್ದೆ. ಇನ್ನು ಕೀಬೋರ್ಡಿನವನೇ ಗತಿ ಎಂದುಕೊಂಡೆ.

ಸೋಮವಾರ ಅಕ್ಕ ಪೂರ್ತಿ ಹಾಡು ಕಳಿಸಿದಳು. ಆ ಖಾಲಿ ಜಾಗದಲ್ಲಿ ಅವಳು ಒಂದು ಸಣ್ಣ ಆಲಾಪ ಎತ್ತಿದ್ದಳು. ಇಷ್ಟು ವರ್ಷದಲ್ಲಿ ಅವಳು ಅಷ್ಟು ಚೆನ್ನಾಗಿ ಹಾಡಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಹಿಂದೆಯೇ ಫೋನು ಬಂತು.

"ತಮ್ಮಾ, ಮಂಡಳಿಯಾಗ ಎಲ್ಲಾರೂ ಆ ಜಾಗಾನೇ ಕೇಳಾಕತ್ತಾರ. ಇಷ್ಟು ವರ್ಷ ನೀ ನನ್ನ ಹಿಂದ ಬಂದಿ, ಈ ಸಲ ನಿನ್ನ ಹಿಂದ ನಾ ಬಂದೆ. ಅಲ್ಲಿ ಜಾಗ ಬಿಡಬೇಕಂತ ಹ್ಯಾಂಗ ಹೊಳೀತೋ ನಿನಗ?"

"ನಿನಗಂತನೇ ಬಿಟ್ಟಿದ್ದಕ್ಕಾ," ಎಂದೆ, ಗಂಭೀರವಾಗಿ. "ಇಷ್ಟು ವರ್ಷದ ಅನುಭವ ಅದಲ್ಲ."

ಫೋನು ಇಟ್ಟು, ಹೆಮ್ಮೆಯಿಂದ ಹೆಂಡತಿಯ ಕಡೆ ತಿರುಗಿದೆ. ಅವಳು ತಲೆ ಎತ್ತದೆ ಕಾಳು ಆರಿಸುತ್ತಿದ್ದಳು.

"ಆ ಜಾಗಾ ಬಂದಾಗ ನೀವು ಅಕ್ಕಾರು ಕೂಡೂ ಎಡಗಡೆ ತಿರುಗಿ, ಇನ್ನ ನೀ ಎತ್ಕೋ ಅನ್ನೂಹಂಗ ಗೋಣು ಹಾಕಿದ್ರಿ," ಎಂದಳು. "ಅಲ್ಲಿ ಜ್ವಾಳದ ಡಬ್ಬಿ ಇತ್ರಿ."

ಇರಲಿ. ಈ ಎರಡು ತಾಲೂಕುಗಳಲ್ಲಿ ಪೇಟಿ ಬಾರಿಸುವವರು ಬೇಕಾದಷ್ಟು ಜನರಿದ್ದಾರೆ. ಆದರೆ ಜೋಳದ ಡಬ್ಬಿ ಉಸಿರು ತೆಗೆದುಕೊಳ್ಳಲೆಂದು ಒಂದು ಇಡೀ ಆವರ್ತ ಲಯ ತಪ್ಪದೆ ಕಾದವನು ನಾನೊಬ್ಬನೇ.