ನನ್ನ ಟೇಪಿಗೆ ಸಿಕ್ಕ ಅಂಗಡಿಗಳು

ಅಂಗಡಿ ತೆರಿಗೆಯಲ್ಲಿ ನಗೋದಕ್ಕೆ ಏನಿರುತ್ತೆ ಅಂತ ನಮ್ಮ ಮನೆಯವರೇ ಕೇಳ್ತಾರೆ. ಒಂದೇ ಒಂದು ದಿನ ನನ್ನ ಜೊತೆ ಅಳತೆ ಟೇಪಿನ ಇನ್ನೊಂದು ತುದಿ ಹಿಡಿದು ಬಂದಿದ್ದರೆ ಕೇಳ್ತಿರಲಿಲ್ಲ.

ನಾನು ಕಂದಾಯ ನಿರೀಕ್ಷಕಿ. ಕೋಲಾರ ಜಿಲ್ಲೆಯ ನಾಲ್ಕು ಊರುಗಳಲ್ಲಿ ಕೆಲಸ ಮಾಡಿದ್ದೀನಿ. ಅಂಗಡಿಯವರು ತಮ್ಮ ಕಟ್ಟಡದ ಅಳತೆ, ಉಪಯೋಗ ಎಲ್ಲ ತಾವೇ ಫಾರಂನಲ್ಲಿ ಬರೆದು ಕೊಡ್ತಾರೆ. ನಾನು ಹೋಗಿ ಅಳೆದು ನೋಡ್ತೀನಿ. ನನ್ನ ಲೆಕ್ಕ ಒಪ್ಪದಿದ್ದರೆ ಆಯಾ ಊರಿನ ನಮ್ಮ ಆಫೀಸಿನ ಸಾಹೇಬರಿಗೆ ತಕರಾರು ಅರ್ಜಿ ಕೊಡಬಹುದು. ಇಷ್ಟು ವರ್ಷದಲ್ಲಿ ನನ್ನ ಟೇಪು ಯಾರಿಗೂ ಹೆದರಿ ಗಿಡ್ಡ ಆಗಿಲ್ಲ, ಯಾರ ಮೇಲಿನ ಸಿಟ್ಟಿಗೂ ಉದ್ದ ಆಗಿಲ್ಲ. ಇದನ್ನ ಹೇಳ್ಕೊಳೋದಕ್ಕೆ ನನಗೆ ಸಂಕೋಚ ಇಲ್ಲ.

ಖಾಲಿ ಮಂಡಿ

ಶ್ರೀನಿವಾಸಪುರದಲ್ಲಿ ಮಾವಿನಕಾಯಿ ಮಂಡಿಯ ಮಾಲೀಕರೊಬ್ಬರು ತಕರಾರು ಕೊಟ್ಟರು. ವ್ಯಾಪಾರ ನಡೆಯೋದು ಮಾವಿನ ಕಾಲದಲ್ಲಿ ಮಾತ್ರ, ಮಿಕ್ಕ ತಿಂಗಳೆಲ್ಲ ಷೆಡ್ಡು ಖಾಲಿ ಬಿದ್ದಿರುತ್ತೆ, ಆದ್ದರಿಂದ ತೆರಿಗೆ ಇಳಿಸಬೇಕು ಅಂತ. "ಹೇಳದೇ ಕೇಳದೇ ಒಂದ್ಸಲ ಹೋಗಿ ನೋಡಿ ಬಾಮ್ಮ" ಅಂದರು ಸಾಹೇಬರು.

ಕಾರ್ತಿಕ ಮಾಸ. ಮರದಲ್ಲಿ ಒಂದು ಕಾಯೂ ಇಲ್ಲ. ಆದರೆ ಮಂಡಿ ರಸ್ತೆಗೆ ತಿರುಗುವಾಗಲೇ ವಾಲಗದ ಸದ್ದು ಕೇಳಿಸ್ತು. ಒಳಗೆ ಹೋದರೆ ರಾಯಲ್ಪಾಡು ಕಡೆಯವರ ನಿಶ್ಚಿತಾರ್ಥ! ಷೆಡ್ಡನ್ನ ಬಾಡಿಗೆಗೆ ಕೊಟ್ಟಿದ್ದಾರೆ. ಎರಡು ಸಾಲು ಊಟಕ್ಕೆ ಕೂತಿದೆ. ಒಬ್ಬಟ್ಟಿನ ಘಮ ಮೂಗಿಗೆ ಬಡೀತಿದೆ. ಮಾಲೀಕರು ಮಧ್ಯೆ ನಿಂತು ಬಡಿಸೋರಿಗೆ ಹುಕುಂ ಕೊಡ್ತಿದ್ದಾರೆ.

ನನ್ನ ನೋಡಿ ಅರೆಕ್ಷಣ ಗರಬಡಿದ ಹಾಗೆ ನಿಂತರು, ಅಷ್ಟೇ. "ಅಯ್ಯಯ್ಯೋ, ಮೇಡಂ! ಕೂರ್ಚೋಂಡಿ, ಕೂರ್ಚೋಂಡಿ" ಅಂತ ತೆಲುಗಲ್ಲೇ ಉಪಚಾರ ಶುರು ಮಾಡಿದರು.

"ಏನ್ರೀ ಇದು? ಖಾಲಿ ಅಂತ ಬರ್ದಿದ್ದೀರಲ್ಲ?"

ಅವರು ಎರಡನೇ ಸಾಲಿನ ತುದಿಗೆ ಕೈ ತೋರಿಸಿದರು. "ಸುಳ್ಳು ಹೇಳ್ತೀನಾ ಮೇಡಂ? ನೋಡಿ, ಅಲ್ಲೊಂದು ಎಲೆ ಖಾಲಿ ಇದೆ."

ಕಟ್ಟಡದ ಉಪಯೋಗ

ಕೋಲಾರದಲ್ಲಿ ಸೈಕಲ್ ಷಾಪಿನ ತಾತ ಒಬ್ಬರು ಯಾರ ಸಹಾಯವೂ ಬೇಡ ಅಂತ ಫಾರಂ ತಾವೇ ತುಂಬಿ ತಂದರು. ಅಕ್ಷರ ಮುತ್ತಿನ ಹಾಗಿತ್ತು. "ಕಟ್ಟಡದ ಉಪಯೋಗ" ಅನ್ನೋ ಕಡೆ ಬರೆದಿದ್ದರು: "ತುಂಬಾ ಉಪಯೋಗ ಆಗಿದೆ. ಮೂರು ಜನ ಮಕ್ಕಳ ಓದು, ಮದುವೆ ಎಲ್ಲ ಇದರಲ್ಲೇ."

ನನಗೆ ಅದನ್ನ ಹೊಡೆದುಹಾಕೋಕೆ ಮನಸ್ಸು ಬರಲಿಲ್ಲ. ಪಕ್ಕದಲ್ಲಿ "ವಾಣಿಜ್ಯ" ಅಂತ ಸೇರಿಸಿ ಓದಿ ಹೇಳಿದೆ. ತಾತ ಮುಜುಗರ ಪಟ್ಟುಕೊಂಡರು. "ಅಷ್ಟು ದೊಡ್ಡ ಮಾತೆಲ್ಲ ಬೇಡಮ್ಮ. ಪಂಕ್ಚರ್ ಹಾಕ್ತಾನೆ ಅಂತ ಬರಿ, ಸಾಕು."

ತೆರಿಗೆ ಏರಿಸಿ

ತೆರಿಗೆ ಜಾಸ್ತಿ ಮಾಡಿ ಅಂತ ತಕರಾರು ಕೊಟ್ಟವರನ್ನ ನೀವು ನೋಡಿದ್ದೀರಾ? ನಾನು ಮಾಲೂರಲ್ಲಿ ನೋಡಿದ್ದೀನಿ.

ಅಪ್ಪನ ಅಂಗಡಿಯನ್ನ ನಡುವೆ ಗೋಡೆ ಹಾಕಿ ಅಣ್ಣ ತಮ್ಮ ಹಂಚಿಕೊಂಡಿದ್ದರು. ನಾನು ಅಳೆದಾಗ ಅಣ್ಣನದು ಮೂರು ಚದರಡಿ ಜಾಸ್ತಿ ಬಂತು. ಮಾರನೇ ದಿನವೇ ತಮ್ಮ ಆಫೀಸಿಗೆ ಬಂದ. "ಮೇಡಂ, ನನ್ನ ಅಂಗಡಿ ಚಿಕ್ಕದು ಅಂತ ಹೆಂಗ್ ಬರೆದ್ರಿ? ನಮ್ಮಣ್ಣ ನೋಟೀಸನ್ನ ಬಂದೋರಿಗೆಲ್ಲ ತೋರಿಸ್ತಾವ್ನೆ!"

"ಕಮ್ಮಿ ಆದ್ರೆ ನಿಮಗೇ ಒಳ್ಳೇದಲ್ವೇನಪ್ಪ?"

"ತೆರಿಗೆ ಹಾಳಾಗೋಗ್ಲಿ ಮೇಡಂ. ಮರ್ಯಾದೆ!"

ಸಾಹೇಬರ ಎದುರಿಗೆ ಮತ್ತೆ ಅಳೆದೆ. ಅದೇ ಮೂರು ಚದರಡಿ. ನನ್ನ ಅಳತೆ ನಿಂತಿತು ಅಂತ ನಾನು ಬೀಗ್ತಿದ್ದೆ. ತಮ್ಮ ಮಾತ್ರ ಸುಮ್ಮನಾಗಲಿಲ್ಲ. ಒಂದೇ ವಾರದಲ್ಲಿ ಅಂಗಡಿ ಹಿಂದೆ ತನ್ನದೇ ಜಾಗದಲ್ಲಿ ಒಂದು ಗೋದಾಮು ಕಟ್ಟೋಕೆ ಪರವಾನಗಿ ಕೇಳಿ ಬಂದ. ಅವನ ಹಿಂದೆಯೇ ಅಣ್ಣನೂ ಅಂಥದೇ ಅರ್ಜಿ ಹಿಡಿದು ಬಂದ.

ಸಾಹೇಬರು ಎರಡೂ ಅರ್ಜಿ ನೋಡಿ ನನ್ನ ಕಡೆ ಬಗ್ಗಿ ಮೆಲ್ಲಗೆ ಅಂದರು: "ಊರಲ್ಲಿ ಇನ್ನೂ ಎಷ್ಟು ಜನ ಅಣ್ಣ ತಮ್ಮಂದಿರಿದ್ದಾರೆ, ಲಿಸ್ಟ್ ಮಾಡಮ್ಮ."

ಅಕ್ಕನ ಹೋಟೆಲು

ಮುಳಬಾಗಿಲಲ್ಲಿ ಒಬ್ಬ ಅಕ್ಕ ಮನೆಯಲ್ಲೇ ದೋಸೆ ಹೋಟೆಲು ನಡೆಸ್ತಿದ್ದರು. ಗಂಡ ಹಿಟ್ಟು ರುಬ್ಬೋದು, ಅಕ್ಕ ಹುಯ್ಯೋದು. ನಾನು ಅಳೆಯೋಕೆ ಹೋದಾಗ ಜಗಲಿ, ನಡುಮನೆ, ಮೆಟ್ಟಿಲು, ಕೊನೆಗೆ ಮಲಗೋ ಕೋಣೆ, ಎಲ್ಲಿ ನೋಡಿದರೂ ತಟ್ಟೆ ಹಿಡಿದವರೇ. ಕಣ್ಣಿಗೆ ಕಂಡಿದ್ದನ್ನ ಬರೆದೆ: ಇಡೀ ಮನೆ ಹೋಟೆಲು.

ಅಕ್ಕ ಉರಿದುಬಿದ್ದರು. "ನಾವು ಮಲಗೋ ಜಾಗಕ್ಕೂ ಅಂಗಡಿ ರೇಟಾ? ಹಂಗಾದ್ರೆ ಒಲೆ ಆರಿಸಿ ಕೂತ್ಕೊಬೇಕಷ್ಟೆ." ಗಂಡ "ಹೋಗ್ಲಿ ಬಿಡೇ" ಅಂದರೂ ಕೇಳದೆ ತಕರಾರು ಕೊಟ್ಟರು. ಸಾಹೇಬರು ಸ್ಥಳ ನೋಡೋಕೆ ಬಂದರು, ನಾನೂ ಜೊತೆಗೆ.

ಅಕ್ಕ ಸೆರಗು ಸಿಕ್ಕಿಸಿಕೊಂಡು ಒಂದೊಂದೇ ತೋರಿಸಿದರು. "ಇದು ಅಡುಗೆಮನೆ, ನಮ್ಮ ಊಟಾನೂ ಇಲ್ಲೇ. ಇದು ದೇವರ ಗೂಡು. ಇದು ನಾವು ಮಲಗೋ ಕೋಣೆ ಸಾರ್, ಇಲ್ಲಿಗೆ ಹೊರಗಿನೋರು ಯಾರೂ..."

ಕೋಣೆ ಬಾಗಿಲು ತೆರೀತು. ಒಬ್ಬ ಮನುಷ್ಯ ತಟ್ಟೆ ಸಮೇತ ಹೊರಗೆ ಬಂದ. "ಅಕ್ಕಾ, ಇನ್ನೊಂದು ದೋಸೆ!"

ನಾನು ಸಾಹೇಬರ ಮುಖ ನೋಡಿದೆ. ಅಕ್ಕ ಕಣ್ಣು ಕೂಡ ಮಿಟುಕಿಸಲಿಲ್ಲ. "ನಮ್ಮ ತಮ್ಮ ಸಾರ್."

ಹಿಂದೆಯೇ ಇನ್ನೊಬ್ಬ. "ಅಕ್ಕಾ, ಚಟ್ನಿ!"

"ಅವನೂ ತಮ್ಮನೇ."

ಮೂರನೆಯವರು ತಲೆಯೆಲ್ಲ ಬೆಳ್ಳಗಾದವರು. "ಅಕ್ಕಾ, ಕಾಫಿ ಕೊಡಮ್ಮ."

"ಎಷ್ಟು ಜನರಮ್ಮ ತಮ್ಮಂದಿರು ನಿಮಗೆ?" ಅಂದರು ಸಾಹೇಬರು.

ಅಕ್ಕ ಒಲೆ ಮುಂದೆ ಹೋಗಿ ಕೂತರು. ಸಾಹೇಬರು ಕೋಣೆಯೊಳಗೆ ಹೋಗಿ ನೋಡಿದರು. ಮಂಚ, ಬೀರು, ಗೋಡೆಗೆ ಒರಗಿಸಿಟ್ಟ ಹಾಸಿಗೆ. ನಿಜವಾಗಲೂ ಸಂಸಾರದ ಕೋಣೆಯೇ. ಗಿರಾಕಿಗಳೇ ಸಲಿಗೆಯಿಂದ ನುಗ್ಗಿದ್ದರು. ಸಾಹೇಬರು ಅಲ್ಲೇ ಕೂತು ಆದೇಶ ಬರೆದರು: ಜಗಲಿ, ನಡುಮನೆ ಹೋಟೆಲು; ಕೋಣೆ, ಅಡುಗೆಮನೆ ವಾಸದ ಮನೆ. ನನ್ನ ಲೆಕ್ಕ ಬಿದ್ದುಹೋಯ್ತು. ಆದರೂ ತನ್ನ ಮನೆಗಾಗಿ ಹಾಗೆ ನಿಂತ ಆ ಹೆಂಗಸನ್ನ ನೋಡಿ ನನಗೇ ಎದೆಯುಬ್ಬಿತು.

ಕೆಲಸ ಮುಗಿಯಿತಲ್ಲ, ಸಾಹೇಬರು ಜೇಬಿಂದ ದುಡ್ಡು ತೆಗೆದು ಮೊದಲೇ ಕೊಟ್ಟು, ನಡುಮನೆಯಲ್ಲಿ ಕೂತು ಒಂದು ದೋಸೆ ತಿಂದರು. ಬೆಣ್ಣೆ ಕರಗಿ ಬೆರಳೆಲ್ಲ ಒದ್ದೆ. ತಟ್ಟೆ ಖಾಲಿಯಾಗಿದ್ದೇ ತಡ, ಅಡುಗೆಮನೆ ಕಡೆ ಕತ್ತು ಚಾಚಿ ಕೂಗಿದರು:

"ಅಕ್ಕಾ, ಇನ್ನೊಂದು!"

ಅಕ್ಕ ಸೌಟು ಹಿಡಿದು ಬಾಗಿಲಿಗೆ ಬಂದು ನನ್ನ ಕಡೆ ತಿರುಗಿದರು. "ಬರ್ಕೊಳಿ ಮೇಡಂ. ಇವರನ್ನೂ ಸೇರಿಸಿ ನಾಲ್ಕು ಜನ ತಮ್ಮಂದಿರು."