ಗುಡ್ಡದ ಮೇಲೆ ಸರ್ಕಾರಿ ಪರದಾ

ನಿಜಾಮರ ಕಾಲದಲ್ಲಿ ಹುಮನಾಬಾದ್, ಕಲ್ಯಾಣದ ಕಡೆ ಹೆಣ್ಣುಮಕ್ಕಳ ಶಾಲೆಗಳ, ನಮ್ಮ ಮಾತಿನಲ್ಲಿ ಸಾಲಿಗಳ, ತಪಾಸಣೆ ನನ್ನ ಕೆಲಸ. ಏನೂ ಆಗದೆ ಮನೆಗೆ ಮರಳಿದ ದಿನವೇ ನೆನಪಿಲ್ಲ. ಒಮ್ಮೆ, ಜನ ಸುಳಿಯದ ಒಂದು ಗುಡ್ಡದ ಮೇಲಿನ ಸಾಲಿಯಲ್ಲಿ ಹುಡುಗಿಯರೇ ಇಲ್ಲ, ಮುಚ್ಚಿಬಿಡೋಣ ಎಂದರು ಮೇಲಿನವರು. ಕಣ್ಣಾರೆ ನೋಡಿ ಬರುತ್ತೇನೆಂದು ಹೊರಟೆ. ಹುಡುಗಿಯರು ಮಧ್ಯಾಹ್ನ ದನಗಳ ಹಿಂದೆ ಹೋಗುವ ಮುನ್ನ ಮೇಲೆ ಮುಟ್ಟಬೇಕಿತ್ತು.

ಟಾಂಗಾದಲ್ಲಿ

ಗುಡ್ಡದ ಬುಡಕ್ಕೆ ಬಿಡಪ್ಪಾ ಎಂದರೆ ಟಾಂಗಾದವನು ಲಗಾಮು ಹಿಡಿದು ತಿರುಗಿ ನೋಡಿದ.

“ಯಾಕ್ರಿ ಬಾಯಾರ, ಮನ್ಯಾಗ ಜಗಳಾ ಆಗೇದೇನ್ರಿ?”

“ಇಲ್ಲಪ್ಪಾ.”

“ಹೋದ ವರ್ಷ ಒಬ್ಬ ಸಾಹೇಬರೂ ಹಿಂಗೇ ಇಲ್ಲಂದಿದ್ರು. ಆಮ್ಯಾಲೆ ಅವರ ಹೆಂಡ್ತಿನೇ ಬಂದು ಕರಕೊಂಡು ಹೋದ್ರು.”

ಬುಡದಲ್ಲಿ

ಕಟ್ಟಿಗೆ ಆರಿಸುತ್ತಿದ್ದ ಮುದುಕಿಯನ್ನು ಕೇಳಿದೆ: “ಆಯಿ, ಈ ಗುಡ್ಡದ ಹೆಸರೇನು?”

“ಹೆಸರ್ಯಾಕವ್ವಾ? ಕರದ್ರ ಬರ್ತದೇನು?”

ಚಾದರದೊಳಗೆ

ಅಷ್ಟರಲ್ಲಿ ಊರ ಪಾಟೀಲರು ನಾಲ್ವರು ಆಳುಗಳೊಂದಿಗೆ ದೊಡ್ಡ ಬಿಳಿ ಚಾದರ ಹಿಡಿದು ಬಂದರು. ಸರ್ಕಾರಿ ಹೆಣ್ಣುಮಗಳು ಬಯಲಲ್ಲಿ ನಡೆಯುವುದೆಂದರೇನು!

“ನಾನು ಪರದಾದಾಕಿ ಅಲ್ರಿ,” ಎಂದೆ.

“ನೀವಲ್ರಿ ಬಾಯಾರ. ನಿಮ್ಮ ಹುದ್ದೇಕ ಪರದಾ ಬೇಕಲ್ರಿ.”

ನಾಲ್ಕು ಮೂಲೆಗೆ ನಾಲ್ವರು ನಿಂತು ನನ್ನ ಸುತ್ತ ಚಾದರ ಎತ್ತಿ ಹಿಡಿದರು; ಪಾಟೀಲರು ಮರ್ಯಾದೆಗೆಂದು ತಲೆ ತಗ್ಗಿಸಿ ಹಿಂದೆ ಬಂದರು. ಮೇಲೆ ಆಕಾಶ, ಕೆಳಗೆ ನನ್ನ ಚಪ್ಪಲಿ, ಕೆಂಪು ಕಲ್ಲು. ನಡೆದೆವು, ನಡೆದೆವು. ಏರು ಸಿಗಬೇಕಾದಲ್ಲಿ ಇಳಿಜಾರು ಸಿಕ್ಕಿತು. ಹೊತ್ತು ನೆತ್ತಿಗೆ ಬರತೊಡಗಿತು.

“ದಾರಿ ನೋಡಾಕತ್ತೀರೋ ಇಲ್ಲೋ?” ಎಂದೆ.

ಮುಂದಿನವನು ಸಂಕೋಚದಿಂದ ಹೇಳಿದ: “ಅದಬ್ ರೀ, ಮರ್ಯಾದಿ ಅಂತ ಕಣ್ಣು ಮುಚ್ಚೇವ್ರಿ.”

“ಹಿಂದಿನವರು?”

“ಅವರೂ ಮುಚ್ಚ್ಯಾರ್ರಿ. ನಾವು ನೋಡಾಕತ್ತೇವಿ ಅಂತ ತಿಳಕೊಂಡಾರ.”

ಇನ್ನು ಸಾಲಿ ಮುಚ್ಚಿದಂತೆಯೇ ಎಂದುಕೊಂಡೆ. ಆಗ ಮೇಲಿನಿಂದ ಗದ್ದಲ ಕೇಳಿತು. ಬಿಳಿ ಡಬ್ಬಿಯೊಂದು ಗುಡ್ಡದಲ್ಲಿ ಸುತ್ತುವುದನ್ನು ಕಂಡು ಇಡೀ ಸಾಲಿಯೇ ಪಾಟಿ ಹಿಡಿದುಕೊಂಡು ಇಳಿದು ಬಂದಿತ್ತು, ಹಿಂದೆ ಏದುಸಿರು ಬಿಡುತ್ತ ಪಾಠ ಹೇಳುವ ಅಕ್ಕೋರು. ಹುಡುಗಿಯರಿಲ್ಲ ಎಂದವರು ಯಾರು? ತಪಾಸಣೆ ಅಲ್ಲೇ ಕಲ್ಲಿನ ಮೇಲೆ ಶುರು ಮಾಡಬೇಕೆಂದು ಚಾದರ ಸರಿಸುತ್ತಿದ್ದೆ. ಎಲ್ಲರಿಗಿಂತ ಸಣ್ಣ ಹುಡುಗಿ ಅಂಚು ಎತ್ತಿ ಇಣುಕಿ, ನನ್ನನ್ನು ಮರುಕದಿಂದ ನೋಡಿ, ಪಾಟೀಲರತ್ತ ತಿರುಗಿದಳು:

“ಕಾಕಾ, ಈಕಿನ್ನ ಯಾಕ ಹಿಂಗ ಸುತ್ತುಗಟ್ಟಿ ಒಯ್ಯಾಕತ್ತೀರಿ? ಸಾಲಿಗೆ ಬರಂಗಿಲ್ಲ ಅಂತ ಅಳ್ತಾಳೇನು?”