ಕುಳ್ಳ ಗಿಡಕ್ಕೆ ಕತ್ತರಿ

ಮುದ್ದು ಹೆಚ್ಚಾದರೆ ಮಕ್ಕಳು ಕೆಡುತ್ತಾರೆ ಎಂದು ಎಚ್ಚರಿಸುವವರು ಊರೆಲ್ಲ ಇದ್ದಾರೆ. ಗಿಡದ ವಿಷಯದಲ್ಲಿ ನನ್ನನ್ನು ಒಬ್ಬರೂ ಎಚ್ಚರಿಸಲಿಲ್ಲ. ಮೂರು ವರ್ಷದ ಹಿಂದೆ ಬಂಗಾರಪೇಟೆಯ ನರ್ಸರಿಯೊಂದರಲ್ಲಿ ಕ್ರೇಪ್ ಮಿರ್ಟಲ್ ಎಂಬ ಗಿಡ ಕಂಡೆ. ಸೊಂಟದೆತ್ತರದ ಕುಳ್ಳ ಗಿಡ, ಮೈತುಂಬ ಸುಕ್ಕುಸುಕ್ಕಾದ ಕೆಂಪು ಹೂ. ಮನಸ್ಸು ಸೋತಿತು. ಚಿನ್ನದ ಗಣಿಯ ಊರಾದ ಊರಿಗಾಂನಲ್ಲಿ ನಮ್ಮ ಮನೆ ಮುಂದೆ ಬಿಸಿಲು ಬೀಳುವುದು ಒಂದೇ ಜಾಗದಲ್ಲಿ. ಅಲ್ಲಿದ್ದದ್ದು ನನ್ನ ಹೆಂಡತಿ ರತ್ನಮ್ಮನ ಕನಕಾಂಬರ. ಅದನ್ನು ಕಿತ್ತು ಇದನ್ನು ನೆಟ್ಟೆ.

ವಾರವೆಲ್ಲ ಬೆಂಗಳೂರಿನ ರೈಲಿನಲ್ಲಿ ನಿಂತು ಓಡಾಡುವವನು ನಾನು. ಅಲ್ಲಿನ ಆಫೀಸುಗಳ ಮುಂದೆ ಗಿಡಗಳು ಚೆಂಡಿನಂತೆ ದುಂಡಗಿರುತ್ತವೆ. ನಮ್ಮದೂ ಹಾಗಿರಲೆಂದು ಪ್ರತಿ ಭಾನುವಾರ ಕತ್ತರಿ ಹಿಡಿದು ಕೂತೆ. ಕೊಂಬೆಯ ತುದಿಯಲ್ಲಿ ಹಸಿರು ಗುಂಡುಗಳು ಗೊಂಚಲಾಗಿ ಏಳುತ್ತಿದ್ದವು. ಏನೋ ರೋಗವೆಂದು ಅವನ್ನೂ ಕತ್ತರಿಸಿದೆ. ಗಿಡ ದುಂಡಗಾಯಿತು. ಹೂ ಮಾತ್ರ ಒಂದೂ ಇಲ್ಲ.

"ಬರೀ ಸೊಪ್ಪು ಕಣ್ರೀ. ಮೇಕೆಗಾದ್ರೂ ಆಕೋಣ," ಎಂದಳು ರತ್ನಮ್ಮ. ಬೈದಿದ್ದರೆ ಸಹಿಸಬಹುದಿತ್ತು. ಆದರೆ ಅಂದು ಶುಕ್ರವಾರ, ಅವಳ ಮುಡಿಯಲ್ಲಿ ಹೂವಿರಲಿಲ್ಲ.

ರೋಗದ ಗುಂಡುಗಳಿದ್ದ ಕೊಂಬೆಯೊಂದನ್ನು ಪೇಪರಿನಲ್ಲಿ ಸುತ್ತಿಕೊಂಡು ನರ್ಸರಿಯ ಮುನಿಯಪ್ಪನ ಹತ್ತಿರ ಹೋದೆ. ಅವನು ಕೊಂಬೆ ನೋಡಿದ, ನನ್ನನ್ನು ನೋಡಿದ.

"ಸಾರ್, ಇದು ಮೊಗ್ಗು! ಇನ್ನೇನು ಬಿರಿಯೋ ಒತ್ನಲ್ಲಿ ಕತ್ತರಿಸ್ಕಂಡ್ ಬಂದಿದೀರಲ್ಲ!"

"ಮತ್ತೆ, ಬೆಳೆದುಬಿಟ್ಟರೆ?"

"ಕುಳ್ಳ ಜಾತಿ ಸಾರ್, ಎಲ್ಲಿಗ್ ಬೆಳೀತದೆ? ಸುಮ್ಕಿರಿ, ಅಷ್ಟೇ ಔಷಧಿ."

ಮೂರು ವರ್ಷದ ಹೂವನ್ನೆಲ್ಲ ಕೊಂದವನು ನಾನೇ ಎಂದು ಮನೆಯಲ್ಲಿ ಹೇಗೆ ಹೇಳಲಿ? "ಮಣ್ಣು ಸರಿಯಿಲ್ಲವಂತೆ, ಗಣಿ ಊರಲ್ಲವೇ" ಎಂದುಬಿಟ್ಟೆ.

ಮರುವಾರ ರತ್ನಮ್ಮ ಬಂಗಾರಪೇಟೆ ಕಡೆಯ ತವರಿಗೆ ಹೋಗಿ, ರೈಲಿನಲ್ಲಿ ಒಂದು ಚೀಲ ಮಣ್ಣು ತಂದಳು. ಬೆವರಿ ನೀರಾಗಿದ್ದಳು.

"ನಮ್ಮೂರ ಕೆರೆ ಮಣ್ಣು. ಆಕ್ರೀ, ನಿಮ್ಮ್ ಗಿಡ ಅದೆಂಗ್ ಊ ಬಿಡಲ್ವೋ ನೋಡೇಬಿಡಾನ."

ಮಣ್ಣು ಹಾಕಿದೆ, ಕತ್ತರಿಯನ್ನು ಅಟ್ಟಕ್ಕೆಸೆದೆ. ಎರಡು ತಿಂಗಳಲ್ಲಿ ಗಿಡ ಕೆಂಪಗೆ ಉರಿಯಿತು.

ಈಗ ಬಂದವರಿಗೆಲ್ಲ ಅವಳದು ಒಂದೇ ಮಾತು: "ಎಲ್ಲಾ ನಮ್ಮೂರ್ ಮಣ್ಣಿನ ಗುಣ. ಪಾಪ, ಇವ್ರೂ ಮೂರು ವರ್ಷ ಒದ್ದಾಡಿದ್ರು." ಉಳಿದ ಗಿಡಗಳಿಗೂ ಅದೇ ಮಣ್ಣು ಬೇಕಂತೆ, ಹಾಗಾಗಿ ಪ್ರತಿ ಭಾನುವಾರ ಮಾವನ ಊರಿನಿಂದ ಚೀಲ ಹೊರುತ್ತಿದ್ದೇನೆ. ನಿಜ ಹೇಳಿದರೆ ಈ ಕೂಲಿ ತಪ್ಪುತ್ತದೆ, ಗೊತ್ತು. ಆದರೆ ಎರಡನ್ನೂ ತೂಗಿ ನೋಡಿದ್ದೇನೆ, ಮಣ್ಣೇ ಹಗುರ.